ಮೆಜೆಸ್ಟಿಕ್ ಎಲ್ಲಿದೆ?

ಕಳೆದ ಸಲ ರಜೆಗೆ ಬೆಂಗಳೂರಿಗೆ ಹೋದಾಗ ಅಕ್ಕನ ಮಗಳೂ ಜೊತೆಗಿದ್ದಳು. ಲಂಡನ್ನಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಹನ್ನೊಂದು ವರ್ಷ. ಸಿಟಿ ಬಸ್ಸಿನ ಕಂಡಕ್ಟರ್ "ಮೆಜೆಸ್ಟಿಕ್, ಮೆಜೆಸ್ಟಿಕ್" ಅಂತ ಕೂಗೋದನ್ನ ಕೇಳಿ, "ಮಾಮ, ಅದು ಇಂಗ್ಲಿಷ್ ಪದ ಅಲ್ವಾ? ಅಲ್ಲಿ ಏನು ಅಷ್ಟು ಮೆಜೆಸ್ಟಿಕ್ ಆಗಿದೆ?" ಅಂದಳು.

"ಅದೊಂದು ಟಾಕೀಸಿನ ಹೆಸರು, ಪುಟ್ಟಿ."

"ಹಾಗಾದ್ರೆ ತೋರಿಸು."

ತೋರಿಸೋಕೆ ಏನೂ ಇರಲಿಲ್ಲ. ಆ ಟಾಕೀಸು ಹೋಗಿ ಎಷ್ಟೋ ವರ್ಷವಾಯ್ತು. ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ, ಮೆಟ್ರೋ ನಿಲ್ದಾಣಕ್ಕೂ ಅವರದೇ ಹೆಸರು. ಆದರೂ ಇಡೀ ಊರು ಆ ಜಾಗವನ್ನು ಕರೆಯೋದು ಈಗ ಇಲ್ಲದ ಒಂದು ಚಿತ್ರಮಂದಿರದ ಹೆಸರಿನಿಂದ.

ನನ್ನ ಕೆಲಸ ಡೇಟಾ ಸೈನ್ಸ್. ಉತ್ತರ ಹೊಳೆಯದಿದ್ದಾಗ ಒಂದು ಟೇಬಲ್ ಮಾಡಿ ಕೂರೋದು ನಮ್ಮ ಕಸುಬಿನವರ ಚಟ. ಲಂಡನ್ನಿಗೆ ವಾಪಸ್ ಬಂದ ಮೇಲೆ ಬೆಂಗಳೂರಿನ ಹಳೇ ಚಿತ್ರಮಂದಿರಗಳ ಪಟ್ಟಿ ಮಾಡಿದೆ. ಮೂರು ಕಾಲಂ: ಮೊದಲು ಅಲ್ಲಿ ಏನಿತ್ತು, ಟಾಕೀಸಿನ ಹೆಸರೇನು, ಈಗ ಏನಿದೆ. ಮೂರನೇ ಕಾಲಂ ತುಂಬುವಾಗ ಬೇಜಾರಾಗುತ್ತೆ ಅಂತ ಗೊತ್ತಿತ್ತು. ನಾನು ಖಾಲಿ ಬಿಡೋಣ ಅಂದುಕೊಂಡಿದ್ದ ಮೊದಲನೇ ಕಾಲಂನಲ್ಲೂ ಇಷ್ಟೊಂದು ಕಥೆ ಇರುತ್ತೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಟಾಕೀಸಿಗೂ ಮುಂಚೆ

ಕಬ್ಬನ್ ರಸ್ತೆಯ ಬಿ.ಆರ್.ವಿ. ಟಾಕೀಸನ್ನೇ ತಗೊಳ್ಳಿ. ಬಿ.ಆರ್.ವಿ. ಅಂದರೆ ಬ್ಯಾಂಗಲೋರ್ ರೈಫಲ್ ವಾಲಂಟಿಯರ್ಸ್, ಬ್ರಿಟಿಷರ ಕಾಲದ ಸ್ವಯಂಸೇವಕ ಪಡೆ. ಆ ಪಡೆಯ ಕಟ್ಟಡವೇ ಮುಂದೆ ಸಿನಿಮಾ ಮಂದಿರವಾಯ್ತು. ಸಿನಿಮಾ ನಿಂತ ಮೇಲೆ ಸೈನ್ಯದ ಕ್ಯಾಂಟೀನ್ ಆಯ್ತು. ಸಿಪಾಯಿಗಳಿಂದ ಹೊರಟು ಪ್ರೇಕ್ಷಕರ ಕೈಗೆ ಬಂದು, ಮತ್ತೆ ಸಿಪಾಯಿಗಳ ಹತ್ತಿರವೇ ಹೋಗಿ ಸೇರಿದ ಕಟ್ಟಡ ಅದು.

ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಸೇರುವ ಮೂಲೆಯಲ್ಲಿ ಆಪೆರಾ ಹೌಸ್ ಇದೆ. ದಂಡು ಪ್ರದೇಶದ ಬ್ರಿಟಿಷರು ನಾಟಕ, ಸಂಗೀತಕ್ಕೆ ಅಂತ ಕಟ್ಟಿಕೊಂಡಿದ್ದು. ಆಮೇಲೆ ಅಲ್ಲಿ ಸಿನಿಮಾ ಬಂತು, ಆಮೇಲೆ ಬಹಳ ಕಾಲ ಪಾಳು ಬಿತ್ತು. 2018ರಲ್ಲಿ ಸ್ಯಾಮ್ಸಂಗ್ ಕಂಪನಿ ಅದನ್ನು ದುರಸ್ತಿ ಮಾಡಿಸಿ ತನ್ನ ಮಳಿಗೆ ತೆರೆಯಿತು. ಹೊರಗಿನ ಗೋಡೆ ಹಳೆಯದೇ, ಒಳಗೆ ಮೊಬೈಲ್ ಫೋನು.

ನಮ್ಮ ಕನ್ನಡದ ಮೊದಲ ವಾಕ್ಚಿತ್ರದ ಕಥೆಯೂ ಇದಕ್ಕೆ ಹೊಂದುತ್ತೆ. "ಸತಿ ಸುಲೋಚನ" ಬೆಂಗಳೂರಿನ ಸಿಟಿ ಮಾರ್ಕೆಟ್ ಕಡೆಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿದ್ದು 1934ರ ಮಾರ್ಚ್ 3ರಂದು. ಅದರಲ್ಲಿದ್ದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಇಬ್ಬರೂ ನಾಟಕ ಕಂಪನಿಯಿಂದ ಬಂದವರು. ನಟರು ರಂಗಮಂಚದಿಂದ ಪರದೆಗೆ ಬಂದ ಹಾಗೆ ಎಷ್ಟೋ ನಾಟಕ ಮಂದಿರಗಳೂ ಟಾಕೀಸುಗಳಾದವು. ನಾಟಕದವರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಇವತ್ತು ಮಾಲ್ ಬಂದು ಟಾಕೀಸು ಹೋಯ್ತು ಅಂತ ನಾವು ಹೇಗೆ ಗೊಣಗ್ತೀವೋ, ಆವತ್ತು ಟಾಕೀಸು ಬಂದು ನಾಟಕ ಹೋಯ್ತು ಅಂತ ಗೊಣಗಿದವರೂ ಇದ್ದರು.

ಒಂದು ರಸ್ತೆ, ಒಂದು ಉದ್ಯಮ

ಮೆಜೆಸ್ಟಿಕ್ಕಿಗೆ ಬರೋಣ. ಈಗಿನ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಡೆ ರೈಲ್ವೆ ಸ್ಟೇಷನ್, ಇನ್ನೊಂದು ಕಡೆ ಬಸ್ಸು. ಊರಿಂದ ಬಂದವನು ಇಳಿದ ತಕ್ಷಣ ಎದುರಿಗೆ ಕೆಂಪೇಗೌಡ ರಸ್ತೆ, ಅಂದರೆ ಕೆ.ಜಿ. ರಸ್ತೆ. ಮೆಜೆಸ್ಟಿಕ್, ಸಾಗರ್, ಸ್ಟೇಟ್ಸ್, ಕಪಾಲಿ, ತ್ರಿಭುವನ್, ಅಭಿನಯ್, ಅನುಪಮ, ಮೇನಕಾ, ಸಂತೋಷ್, ನರ್ತಕಿ, ಹೀಗೆ ಆ ರಸ್ತೆಯಲ್ಲೂ ಅಕ್ಕಪಕ್ಕದಲ್ಲೂ ಸಾಲು ಸಾಲು ಚಿತ್ರಮಂದಿರ. ಕೋರ್ಟು ಕೆಲಸಕ್ಕೆ ಬಂದ ರೈತ, ರಾತ್ರಿ ಬಸ್ಸಿಗೆ ಕಾಯುವ ವಿದ್ಯಾರ್ಥಿ, ಮದುವೆ ಸೀರೆ ತಗೊಳ್ಳೋಕೆ ಬಂದ ಕುಟುಂಬ, ಎಲ್ಲರಿಗೂ ನಡುವೆ ಮೂರು ಗಂಟೆ ಬಿಡುವಿದ್ದರೆ ಒಂದು ಸಿನಿಮಾ.

ಹಿಂದಿನ ಗಾಂಧಿನಗರದಲ್ಲಿ ನಿರ್ಮಾಪಕರ, ಹಂಚಿಕೆದಾರರ ಆಫೀಸುಗಳು ಬಂದವು. ಅದಕ್ಕೇ ಇವತ್ತಿಗೂ ಪತ್ರಿಕೆಗಳಲ್ಲಿ "ಗಾಂಧಿನಗರದ ಸುದ್ದಿ" ಅಂದರೆ ಕನ್ನಡ ಚಿತ್ರರಂಗದ ಸುದ್ದಿ ಅಂತ ಅರ್ಥ.

ಇಲ್ಲಿ ಹುಟ್ಟಿ ಬೆಳೆಯದವರಿಗೆ ಒಂದೆರಡು ಪದ ಹೇಳಿಬಿಡ್ತೀನಿ. ಪರದೆಯ ಹತ್ತಿರದ, ಕತ್ತು ಎತ್ತಿ ನೋಡಬೇಕಾದ ಅಗ್ಗದ ಸಾಲುಗಳಿಗೆ ಗಾಂಧಿ ಕ್ಲಾಸ್ ಅಂತ ಹೆಸರು. ದುಡ್ಡಿದ್ದವರಿಗೆ ಮೇಲೆ ಬಾಲ್ಕನಿ. ಟಿಕೆಟ್ ಮುಗಿದಾಗ ಹೊರಗೆ ನೇತು ಹಾಕೋ ಬೋರ್ಡು ಹೌಸ್‌ಫುಲ್. ಅದರ ಕೆಳಗೇ ನಿಂತು ಪಿಸುಗುಟ್ಟುತ್ತಾ ಹೆಚ್ಚು ಬೆಲೆಗೆ ಮಾರುತ್ತಿದ್ದದ್ದು ಬ್ಲ್ಯಾಕ್ ಟಿಕೆಟ್. ಇನ್ನು ಮೇನ್ ಥಿಯೇಟರ್ ಅಂದರೆ ಕೆ.ಜಿ. ರಸ್ತೆಯಲ್ಲಿ ಚಿತ್ರ ಬಿಡುಗಡೆಯಾಗುವ ಮುಖ್ಯ ಚಿತ್ರಮಂದಿರ. ಕಟೌಟು, ಹೂವಿನ ಹಾರ ಎಲ್ಲಾ ಅಲ್ಲಿಗೇ.

ನೂರು ದಿನದ ಲೆಕ್ಕ

ಈಗ ನನ್ನ ಕಸುಬಿಗೆ ಸಂಬಂಧಪಟ್ಟ ವಿಷಯ. ಆ ಕಾಲದಲ್ಲಿ ಸಿನಿಮಾ ಗೆದ್ದಿದ್ದನ್ನು ಜನ ರೂಪಾಯಿಯಲ್ಲಿ ಅಳೆಯುತ್ತಿರಲಿಲ್ಲ, ದಿನದಲ್ಲಿ ಅಳೆಯುತ್ತಿದ್ದರು. ಐವತ್ತು ದಿನ, ನೂರು ದಿನ, ಇಪ್ಪತ್ತೈದು ವಾರ. 1972ರ "ಬಂಗಾರದ ಮನುಷ್ಯ" ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಅನ್ನೋದು ಕನ್ನಡಿಗರ ಮನೆಮನೆಯ ಮಾತು. ಎಷ್ಟು ಕೋಟಿ ಗಳಿಸಿತು ಅಂತ ನಿಮ್ಮ ತಾತನನ್ನು ಕೇಳಿ, ಗೊತ್ತಿರಲ್ಲ. ಎಲ್ಲಿ ಎಷ್ಟು ದಿನ ಓಡಿತು ಅನ್ನೋದು ಮಾತ್ರ ಬಾಯಿಪಾಠ.

ಯಾಕೆ ಹೀಗೆ? ಫಿಲ್ಮ್ ಪ್ರಿಂಟು ದುಬಾರಿ. ಹಾಗಾಗಿ ಕೆಲವೇ ಪ್ರಿಂಟು. ಕೆಲವು ಸಲ ಒಂದೇ ಪ್ರಿಂಟನ್ನು ಎರಡು ಟಾಕೀಸಿನವರು ಹಂಚಿಕೊಂಡು, ಇಲ್ಲಿ ಮುಗಿದ ರೀಲನ್ನು ಡಬ್ಬಿಯಲ್ಲಿ ಹಾಕಿ ಸೈಕಲ್ಲಿನಲ್ಲಿ ಅಲ್ಲಿಗೆ ಸಾಗಿಸುತ್ತಿದ್ದರು. ನೋಡುವವರು ಬಹಳ, ತೋರಿಸುವ ಜಾಗ ಕಡಿಮೆ. ಹಾಗಾಗಿ ಜನ ಸರದಿಯಲ್ಲಿ ಬಂದು ನೋಡಿ ಮುಗಿಸೋಕೆ ತಿಂಗಳುಗಳೇ ಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. 1,400 ಸೀಟಿನ ಒಂದು ಚಿತ್ರಮಂದಿರ, ದಿನಕ್ಕೆ ನಾಲ್ಕು ಆಟ. ಪೂರ್ತಿ ತುಂಬಿದರೆ ದಿನಕ್ಕೆ 5,600 ಜನ, ನೂರು ದಿನಕ್ಕೆ 5 ಲಕ್ಷದ 60 ಸಾವಿರ. ಈಗ ಅದೇ ಚಿತ್ರವನ್ನು ಡಿಜಿಟಲ್ ಆಗಿ ತಲಾ 300 ಸೀಟಿನ 200 ಪರದೆಗಳಲ್ಲಿ ಒಂದೇ ದಿನ ಬಿಡುಗಡೆ ಮಾಡಿ. ದಿನಕ್ಕೆ 2 ಲಕ್ಷದ 40 ಸಾವಿರ ಸೀಟು. ನೂರು ದಿನದ ಅಷ್ಟೂ ಜನ ಮೂರನೇ ದಿನದೊಳಗೆ ನೋಡಿ ಮುಗಿಸಬಹುದು.

ನೋಡಿ, ನೂರು ದಿನದ ಸಂಭ್ರಮ ಹೋಗಿದ್ದು ಜನಕ್ಕೆ ಸಿನಿಮಾ ಪ್ರೀತಿ ಕಡಿಮೆಯಾಗಿ ಅಂತ ಹೇಳೋಕೆ ಬರಲ್ಲ. ಹಂಚುವ ದಾರಿ ಬದಲಾಯ್ತು, ಅದರ ಜೊತೆ ಅಳತೆಗೋಲೂ ಬದಲಾಯ್ತು. ಈಗ ಮೊದಲ ವಾರದ ಕೋಟಿಯ ಲೆಕ್ಕ ಮಾತ್ರ. 2006ರ ಕೊನೆಯಲ್ಲಿ ಬಂದ "ಮುಂಗಾರು ಮಳೆ" ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷ ದಾಟಿ ಓಡಿತು. ಹಳೇ ಅಳತೆಯಲ್ಲಿ ಹೊಸ ಜಾಗವನ್ನು ಗೆದ್ದ ಚಿತ್ರ ಅದು.

ಬಾಗಿಲು ಮುಚ್ಚಿದ್ದು

ದೊಡ್ಡ ಚಿತ್ರಮಂದಿರಕ್ಕೆ ಇದರಿಂದ ಏನಾಯ್ತು ಅಂತ ಯೋಚಿಸಿ. ಮೊದಲ ವಾರ ಬಿಟ್ಟರೆ 1,400 ಸೀಟಿನಲ್ಲಿ ಇನ್ನೂರು ಜನ. ಕರೆಂಟು, ಸಂಬಳ, ತೆರಿಗೆ ಅಷ್ಟೇ. ಕೂತಿರೋ ಜಾಗವೋ ಊರಿನ ನಟ್ಟನಡುವೆ. 2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ 11 ಪರದೆಗಳ ಮಲ್ಟಿಪ್ಲೆಕ್ಸ್ ಬಂತು. ಅಲ್ಲಿ ಒಂದು ಚಿತ್ರ ಸೋತರೆ ಅದನ್ನು ಸಣ್ಣ ಪರದೆಗೆ ತಳ್ಳಬಹುದು. ಒಂದೇ ಪರದೆಯವನಿಗೆ ಆ ಅನುಕೂಲ ಇಲ್ಲ.

ಕಪಾಲಿ 1968ರಲ್ಲಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದ ಭಾರೀ ಚಿತ್ರಮಂದಿರ. 2017ರಲ್ಲಿ ನೆಲಸಮವಾಯ್ತು, ಅಲ್ಲಿ ಮಾಲ್ ಎದ್ದಿತು. ಹಲಸೂರಿನ ಲಿಡೋ ಜಾಗದಲ್ಲೂ ಮಾಲ್. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಮುಚ್ಚಿತು. 1974ರಲ್ಲಿ ಶುರುವಾದ ಕಾವೇರಿ ಐವತ್ತು ವರ್ಷ ನಡೆದು 2024ರಲ್ಲಿ ನಿಂತಿತು.

ಸಣ್ಣ ಊರುಗಳಲ್ಲಿ ಬೇರೆ ಥರ. ಅಲ್ಲಿ ಎಷ್ಟೋ ಟಾಕೀಸುಗಳು ಕಲ್ಯಾಣ ಮಂಟಪಗಳಾದವು, ಇನ್ನು ಕೆಲವು ಗೋಡೌನ್ ಆದವು. ನಡುವೆ ಕಂಬ ಇಲ್ಲದ ದೊಡ್ಡ ಹಾಲು, ಅಗಲವಾದ ಬಾಗಿಲು, ಮುಂದೆ ಗಾಡಿ ನಿಲ್ಲಿಸೋಕೆ ಜಾಗ, ಮದುವೆಗೆ ಬೇಕಾದ್ದೆಲ್ಲಾ ಇದೆ. ಒಂದೇ ತೊಂದರೆ ಅಂದರೆ ಟಾಕೀಸಿನ ನೆಲ ಇಳಿಜಾರು. ಮಣ್ಣು ತುಂಬಿಸಿ ಮಟ್ಟ ಮಾಡಬೇಕು, ಇಲ್ಲದಿದ್ದರೆ ಊಟದ ಎಲೆಯಲ್ಲಿ ಸಾರು ನಿಲ್ಲಲ್ಲ.

ಲಂಡನ್ನಿನ ಎರಡು ಕಟ್ಟಡ

ಇದು ನಮ್ಮೂರಿನ ಗೋಳು ಮಾತ್ರ ಅಂತ ತಿಳಿಯಬೇಡಿ. ನಾನಿರೋ ಲಂಡನ್ನಿನ ಟೂಟಿಂಗ್‌ನಲ್ಲಿ ಗ್ರನಾಡಾ ಅಂತ ಒಂದು ಸಿನಿಮಾ ಮಂದಿರ 1931ರಲ್ಲಿ ತೆರೆಯಿತು. ಒಳಗೆ ಚರ್ಚಿನ ಥರ ಕಮಾನುಗಳು, ಮೂರು ಸಾವಿರಕ್ಕೂ ಹೆಚ್ಚು ಸೀಟು. ಟಿವಿ ಬಂದ ಮೇಲೆ ಪ್ರೇಕ್ಷಕರು ಕರಗಿದರು, 1976ರಲ್ಲಿ ಅದು ಬಿಂಗೋ ಆಟದ ಹಾಲಾಯ್ತು. ಆದರೆ ಕಟ್ಟಡ ಅಲ್ಲಿನ ಕಾನೂನಿನ ಪ್ರಕಾರ ಅತ್ಯುನ್ನತ ದರ್ಜೆಯ ಪಾರಂಪರಿಕ ಪಟ್ಟಿಯಲ್ಲಿದೆ. ಯಾರು ನಡೆಸಿದರೂ ಮನಸ್ಸಿಗೆ ಬಂದ ಹಾಗೆ ಒಡೆಯೋ ಹಾಗಿಲ್ಲ.

ಸೌತಾಲ್‌ನಲ್ಲಿ ಇನ್ನೊಂದು, 1929ರದು, ಚೀನೀ ದೇವಸ್ಥಾನದ ಥರ ಮುಂಭಾಗ. ಭಾರತೀಯರು ಬಂದು ನೆಲೆಸಿದ ಮೇಲೆ ಅಲ್ಲಿ ಹಿಂದಿ ಸಿನಿಮಾ ನಡೆಯಿತು. ವಿಡಿಯೋ ಕ್ಯಾಸೆಟ್ ಬಂದಾಗ ಅಂಗಡಿಗಳ ಮಾರುಕಟ್ಟೆಯಾಯ್ತು. 2001ರಲ್ಲಿ ಹಿಮಾಲಯ ಪ್ಯಾಲೇಸ್ ಅಂತ ಮತ್ತೆ ಸಿನಿಮಾ, 2010ರಲ್ಲಿ ಮತ್ತೆ ಮಾರುಕಟ್ಟೆ. ಕಟ್ಟಡ ನಿಂತಿದ್ದರಿಂದಲೇ ಸಿನಿಮಾ ಒಂದು ಸಲ ವಾಪಸ್ ಬರೋಕೆ ಆಯ್ತು. ಕಪಾಲಿಗೆ ಆ ಅವಕಾಶ ಇಲ್ಲ.

ನನಗೆ ಅನ್ನಿಸೋದು ಇಷ್ಟು. ಉಪಯೋಗ ಬದಲಾಗೋದರ ಬಗ್ಗೆ ನಾವು ಅಳಬೇಕಾಗಿಲ್ಲ, ಸೈನಿಕರ ಕಟ್ಟಡ ಟಾಕೀಸಾದಾಗ ನಮಗೇ ಲಾಭವಾಯ್ತಲ್ಲ. ನಷ್ಟ ಆಗಿದ್ದು ಗೋಡೆಯನ್ನೇ ಕೆಡವಿದಾಗ. ಜೊತೆಗೆ, ಅಲ್ಲಿ ನಡೆದದ್ದನ್ನ ಯಾರೂ ಬರೆದಿಡದೇ ಇದ್ದಾಗ.

ನನ್ನ ಟೇಬಲ್ಲಿನಲ್ಲಿ ಇನ್ನೂ ಬಹಳ ಖಾಲಿ ಜಾಗಗಳಿವೆ. ಮೊನ್ನೆ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಮೊದಲ ಸಲ ಕಪಾಲಿಗೆ ಹೋದಾಗ ಗಾಂಧಿ ಕ್ಲಾಸಿನಲ್ಲಿ ಕೂತಿದ್ದು, ಬಾಗಿದ ಪರದೆಯ ಎರಡು ತುದಿ ನೋಡೋಕೆ ಕತ್ತು ಆ ಕಡೆ ಈ ಕಡೆ ತಿರುಗಿಸಿ ನೋವು ಬಂದಿದ್ದು, ಸೆಕೆಂಡ್ ಶೋ ಬಿಟ್ಟಾಗ ಕೊನೇ ಬಸ್ಸು ಹೋಗಿ ಮಲ್ಲೇಶ್ವರದವರೆಗೆ ನಡೆದಿದ್ದು, ಎಲ್ಲಾ ಹೇಳಿದರು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ, ಯಾಕಂದ್ರೆ ನಾನು ಕೇಳಿರಲಿಲ್ಲ.

ನೀವೂ ಈ ವಾರ ಮನೆಗೆ ಫೋನ್ ಮಾಡಿದಾಗ ಕೇಳಿ. ಯಾವ ಊರು, ಯಾವ ಟಾಕೀಸು, ಯಾವ ಸಿನಿಮಾ, ಯಾರ ಜೊತೆ, ಎಲ್ಲಿ ಕೂತಿದ್ದಿರಿ, ಈಗ ಅಲ್ಲಿ ಏನಿದೆ. ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಕನ್ನಡ ಕಲಿಯುತ್ತಿರುವ ಮಕ್ಕಳಿದ್ದರೆ ಪ್ರಶ್ನೆ ಅವರ ಬಾಯಿಂದಲೇ ಕೇಳಿಸಿ, ಅಜ್ಜ ಅಜ್ಜಿ ಇನ್ನೂ ಜಾಸ್ತಿ ಮಾತಾಡ್ತಾರೆ. ನಮ್ಮ ಪುಟ್ಟಿ ಆಗಲೇ ಶುರು ಮಾಡಿದ್ದಾಳೆ. ಅಜ್ಜನಿಗೆ ಅವಳು ಕೇಳಿದ ಮೊದಲ ಪ್ರಶ್ನೆ: "ಮೆಜೆಸ್ಟಿಕ್ ಟಾಕೀಸಲ್ಲಿ ನೀವೇನು ನೋಡಿದ್ರಿ?"