ಮೀಟರ್ ತೋರಿದ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಎಡಿಸನ್ ಕಾಲದ ಮೀಟರ್‌ನಲ್ಲಿ ಮುಳ್ಳೂ ಇರಲಿಲ್ಲ, ಅಂಕಿಯೂ ಇರಲಿಲ್ಲ. ದ್ರಾವಣದಲ್ಲಿ ಮುಳುಗಿಸಿಟ್ಟ ಸತುವಿನ ತಗಡುಗಳನ್ನು ಹೊರತೆಗೆದು ತೂಗಿ, ತೂಕದ ವ್ಯತ್ಯಾಸದ ಮೇಲೆ ಬಿಲ್ ಹಾಕುತ್ತಿದ್ದರು. 1889ರಲ್ಲಿ ಹಂಗೇರಿಯ ಒಟ್ಟೊ ಬ್ಲಾಥಿ ರೂಪಿಸಿದ ಮೀಟರ್‌ನ ಪೀಳಿಗೆಯದೇ, ನಮ್ಮ ಮನೆಗಳಲ್ಲಿ ದಶಕಗಳ ಕಾಲ ತಿರುಗಿದ ಅಲ್ಯೂಮಿನಿಯಂ ಚಕ್ರ. ಬೇರಿಂಗ್‌ನ ಘರ್ಷಣೆ, ತಾಪಮಾನ, ಗೋಡೆಗೆ ಓರೆಯಾಗಿ ಕೂರಿಸಿದ್ದು, ಎಲ್ಲವೂ ಅದರ ಓದನ್ನು ಅಲ್ಲಾಡಿಸುತ್ತಿದ್ದವು. ತಯಾರಕರು ಇದನ್ನೆಲ್ಲ ‘ಕ್ಲಾಸ್’ ಎಂಬ ಒಂದೇ ಗುರುತಿನಲ್ಲಿ ಕಟ್ಟಿಕೊಟ್ಟರು. ಕ್ಲಾಸ್ 1 ಎಂದರೆ, ನಿಗದಿತ ಸ್ಥಿತಿಯಲ್ಲಿ ದೋಷ ಶೇ. 1ರ ಗಡಿ ದಾಟದು. ಗ್ರಾಹಕನಿಗೆ ಇದು ಉಪಯುಕ್ತ ಭರವಸೆ. ಆದರೆ ಆ ಗಡಿಯೊಳಗೆ ನಿಜವಾದ ಬೆಲೆ ಎಲ್ಲಿರಬಹುದು ಎಂಬುದನ್ನು ಅದು ಹೇಳುವುದಿಲ್ಲ.

ಅದನ್ನು ಹೇಳಲು ಹೊರಟ ಪ್ರಯೋಗಾಲಯಗಳು ಬಹಳ ಕಾಲ ತಮ್ಮತಮ್ಮ ದಾರಿ ಹಿಡಿದಿದ್ದವು. ಮತ್ತೆಮತ್ತೆ ಅಳೆದಾಗ ಕಾಣುವ ಏರಿಳಿತಕ್ಕೆ ಗೌಸ್ ಕಾಲದಿಂದಲೂ ಗಣಿತವಿತ್ತು. ಎಷ್ಟು ಸಲ ಅಳೆದರೂ ಒಂದೇ ಕಡೆಗೆ ವಾಲುವ ದೋಷವನ್ನು ಏನು ಮಾಡಬೇಕು? ಕೆಲವರು ನೇರವಾಗಿ ಕೂಡಿಸುತ್ತಿದ್ದರು, ಕೆಲವರು ವರ್ಗ ಮಾಡಿ ಕೂಡಿಸುತ್ತಿದ್ದರು. 1963ರಲ್ಲಿ ಅಮೆರಿಕದ ಚರ್ಚಿಲ್ ಐಸೆನ್‌ಹಾರ್ಟ್ ಈ ಎರಡು ಬಗೆಯ ದೋಷಗಳನ್ನೂ ಬೇರೆಬೇರೆಯಾಗಿಯೇ ವರದಿ ಮಾಡಬೇಕೆಂದು ವಾದಿಸಿದರು. 1970ರ ದಶಕದ ಕೊನೆಯಲ್ಲಿ ಪ್ಯಾರಿಸ್ ಬಳಿಯ ಅಂತರರಾಷ್ಟ್ರೀಯ ಮಾಪನ ಸಂಸ್ಥೆ 32 ರಾಷ್ಟ್ರೀಯ ಪ್ರಯೋಗಾಲಯಗಳಿಗೆ ಪ್ರಶ್ನಾವಳಿ ಕಳಿಸಿತು. ಉತ್ತರಿಸಿದ್ದು 21. ಒಂದೇ ಪದ್ಧತಿ ಬೇಕೆಂಬುದರಲ್ಲಿ ಬಹುತೇಕ ಒಮ್ಮತವಿತ್ತು, ಯಾವ ಪದ್ಧತಿ ಎಂಬುದರಲ್ಲಿ ಇರಲಿಲ್ಲ.

ಗಂಟು ಬಿಚ್ಚಿದ್ದು 1980ರ ತಜ್ಞರ ಸಭೆ. ಅಲ್ಲಿ ಮೊಳೆತ ವಿಚಾರವೇ 1993ರಲ್ಲಿ ಏಳು ಅಂತರರಾಷ್ಟ್ರೀಯ ಸಂಸ್ಥೆಗಳ ಹೆಸರಿನಲ್ಲಿ, ಅಳತೆಯ ಅನಿಶ್ಚಿತತೆಯನ್ನು ಹೇಗೆ ಹೇಳಬೇಕೆಂಬ ‘ಗಮ್’ ಮಾರ್ಗದರ್ಶಿಯಾಗಿ ಹೊರಬಂತು. ಅದರ ದಿಟ್ಟತನ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಪುನರಾವರ್ತಿತ ಅಳತೆಯಿಂದ ಸಿಕ್ಕ ಅನಿಶ್ಚಿತತೆ ‘ಎ’ ಬಗೆ. ತಯಾರಕರ ವಿವರಪಟ್ಟಿ, ಕ್ಯಾಲಿಬ್ರೇಷನ್ ಪತ್ರ, ಅನುಭವ ಇವುಗಳಿಂದ ಅಂದಾಜಿಸಿದ್ದು ‘ಬಿ’ ಬಗೆ. ಎರಡಕ್ಕೂ ಒಂದೇ ಮರ್ಯಾದೆ, ಒಂದೇ ಗಣಿತ.

ಲೆಕ್ಕ ಹೀಗೆ ಸಾಗುತ್ತದೆ. ಮಲ್ಟಿಮೀಟರ್ 230.0 ವೋಲ್ಟ್ ತೋರಿತು ಎನ್ನಿ. ವಿವರಪಟ್ಟಿಯ ಪ್ರಕಾರ ಓದಿನ ಶೇ. 0.5 ಮತ್ತು ಕೊನೆಯ ಸ್ಥಾನದ ಎರಡು ಅಂಕಿಯಷ್ಟು ತಪ್ಪಬಹುದು, ಅಂದರೆ 1.15 ಮತ್ತು 0.2 ಸೇರಿ 1.35 ವೋಲ್ಟ್. ಈ ಮಿತಿಯೊಳಗೆ ಎಲ್ಲ ಬೆಲೆಗಳೂ ಸಮಾನವಾಗಿ ಸಾಧ್ಯವೆಂದು ಹಿಡಿದು 3ರ ವರ್ಗಮೂಲದಿಂದ ಭಾಗಿಸಿದರೆ 0.78. ಹಲವು ಓದುಗಳ ಸರಾಸರಿಯ ಚದುರುವಿಕೆ 0.3 ಆಗಿದ್ದರೆ, ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದಾಗ ಸಿಗುವುದು ಸುಮಾರು 0.84. ಅದನ್ನು ಇಮ್ಮಡಿಸಿ, ಸುಮಾರು ಶೇ. 95ರ ಭರವಸೆಯೊಂದಿಗೆ ‘230.0 ± 1.7 ವೋಲ್ಟ್’ ಎಂದು ಬರೆಯುತ್ತೇವೆ. ಚದುರುವಿಕೆಯನ್ನು 0.3ರಿಂದ 0.1ಕ್ಕೆ ಇಳಿಸಲು ದಿನವಿಡೀ ಅಳೆದರೂ ಉತ್ತರ 1.6ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಶ್ರಮ ಎಲ್ಲಿ ವ್ಯರ್ಥ, ಒಳ್ಳೆಯ ಉಪಕರಣ ಎಲ್ಲಿ ಬೇಕು ಎಂಬುದನ್ನು ದೋಷದ ಕಾರಣಗಳ ಈ ಪಟ್ಟಿಯೇ ತಿಳಿಸುತ್ತದೆ.

2008ರಲ್ಲಿ, ಯಾದೃಚ್ಛಿಕ ಸಂಖ್ಯೆಗಳಿಂದ ಲೆಕ್ಕವನ್ನು ಮತ್ತೆಮತ್ತೆ ನಡೆಸಿ ಅನಿಶ್ಚಿತತೆ ಅಂದಾಜಿಸುವ ಮಾಂಟೆ ಕಾರ್ಲೊ ವಿಧಾನ ಗಮ್‌ಗೆ ಪೂರಕವಾಗಿ ಸೇರಿತು. 2017ರ ಐಎಸ್‌ಒ 17025 ಮಾನದಂಡ ಇನ್ನೊಂದು ಮುಖ್ಯ ಪ್ರಶ್ನೆಗೆ ಕೈಹಾಕಿತು. ಕ್ಲಾಸ್ 1ರ ಮೀಟರ್‌ನಲ್ಲಿ ಶೇ. 0.95 ದೋಷ ಕಂಡು, ಪರೀಕ್ಷೆಯ ಅನಿಶ್ಚಿತತೆಯೇ 0.1 ಇದ್ದರೆ ಅದು ಪಾಸೋ ಫೇಲೋ? ಹೀಗೆ ತೀರ್ಪು ಕೊಡುವಾಗ ಯಾವ ನಿಯಮ ಅನುಸರಿಸಿದ್ದೇವೆ ಎಂಬುದನ್ನು ಈಗ ದಾಖಲಿಸಲೇಬೇಕು. 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಮೀಟರ್ ಪರೀಕ್ಷಾ ಕೇಂದ್ರಗಳಿಗೆ ಇದು ನಿತ್ಯದ ಕೆಲಸದ ಮಾತು.

ಇಷ್ಟಾದರೂ, ಪಟ್ಟಿಯಲ್ಲಿ ಬರೆಯದ ಕಾರಣವನ್ನು ಯಾವ ಸೂತ್ರವೂ ಹಿಡಿಯಲಾರದು. 2017ರಲ್ಲಿ ಸುದ್ದಿಯಾದ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಪ್ರಯೋಗ ಇದನ್ನು ಕಟುವಾಗಿ ತೋರಿಸಿತು. ಡಿಮ್ಮರ್‌ಗೆ ಜೋಡಿಸಿದ ಎಲ್‌ಇಡಿ ಮತ್ತು ಸಿಎಫ್‌ಎಲ್ ದೀಪಗಳು ವಿದ್ಯುತ್ ಪ್ರವಾಹದ ಅಲೆಯನ್ನು ಚೂಪಾಗಿ ಕತ್ತರಿಸಿದಾಗ, ಒಂಬತ್ತು ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಐದು ತೀರಾ ಹೆಚ್ಚು ತೋರಿದವು. ಗರಿಷ್ಠ ವ್ಯತ್ಯಾಸ ಶೇ. 582. ಆ ಬಳಿಕ ಯುರೋಪಿನ ಮಾಪನ ಸಂಸ್ಥೆಗಳು ನುಣುಪಾದ ಅಲೆಯನ್ನಷ್ಟೇ ನೆಚ್ಚದೆ, ಮನೆಗಳಲ್ಲಿ ನಿಜವಾಗಿ ಹರಿಯುವ ಒರಟು ಪ್ರವಾಹವನ್ನೇ ದಾಖಲಿಸಿ ಮೀಟರ್‌ಗಳನ್ನು ಪರೀಕ್ಷಿಸುವ ವಿಧಾನಗಳನ್ನು ರೂಪಿಸಲು ತೊಡಗಿದವು.