ನಾಲ್ಕು ಸಹಿಗಳ ಒಂದು ಪತ್ರ

ಲೈಂಗಿಕ ದೌರ್ಜನ್ಯದ ವಿರುದ್ಧ ಬೀದಿನಾಟಕ, ಪೋಸ್ಟರು, ಮೇಣದಬತ್ತಿಯ ಮೆರವಣಿಗೆ ಇಂದು ಕಾಲೇಜುಗಳಲ್ಲಿ ಹೊಸದಲ್ಲ. ಆದರೆ ನಮ್ಮ ದೇಶದಲ್ಲಿ ಈ ಮಾತನ್ನು ಬೀದಿಗೆ ತಂದದ್ದರಲ್ಲಿ ನಾಲ್ವರು ಕಾನೂನು ವಿದ್ವಾಂಸರ ಒಂದು ಪತ್ರದ ಪಾಲು ದೊಡ್ಡದು.

1972ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ತನ್ನ ಮೇಲೆ ಅತ್ಯಾಚಾರ ನಡೆಯಿತೆಂದು ಆದಿವಾಸಿ ಹುಡುಗಿಯೊಬ್ಬಳು ದೂರಿದಳು. ಹೈಕೋರ್ಟ್ ಇಬ್ಬರು ಪೊಲೀಸರಿಗೆ ಶಿಕ್ಷೆ ವಿಧಿಸಿತು. 1978ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಮೈಮೇಲೆ ಗಾಯವಿಲ್ಲ, ಪ್ರತಿರೋಧದ ಗುರುತಿಲ್ಲ ಎಂಬುದು ಮುಖ್ಯ ಕಾರಣ.

1979ರ ಸೆಪ್ಟೆಂಬರ್‌ನಲ್ಲಿ ದೆಹಲಿ ವಿಶ್ವವಿದ್ಯಾಲಯದ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ್ ಕೇಳ್ಕರ್ ಮತ್ತು ಪುಣೆಯ ವಸುಧಾ ಧಗಮ್ವಾರ್ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹೆದರಿ ಸುಮ್ಮನಾಗುವುದೂ ಒಪ್ಪುವುದೂ ಒಂದೇ ಅಲ್ಲ ಎಂಬುದು ಅದರ ತಿರುಳು. ರಾತ್ರಿಯ ಠಾಣೆಯಲ್ಲಿ ಬಡ ಹುಡುಗಿ ಹೇಗೆ ತಾನೇ ಎದುರಿಸಿಯಾಳು?

1980ರ ಮಾರ್ಚ್ 8ರಂದು ಹಲವು ನಗರಗಳಲ್ಲಿ ಮಹಿಳೆಯರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು: ಪೊಲೀಸ್ ವಶದಲ್ಲಿ ನಡೆದ ಸಂಭೋಗ ಸಾಬೀತಾದರೆ, ಒಪ್ಪಿಗೆ ಇರಲಿಲ್ಲವೆಂಬ ಹೆಣ್ಣಿನ ಮಾತನ್ನು ನ್ಯಾಯಾಲಯ ನಂಬಿಯೇ ಮುಂದುವರಿಯಬೇಕು. ಗಂಡನ ಮನೆಯ ಕ್ರೌರ್ಯವನ್ನು ಅಪರಾಧವಾಗಿಸಿದ 498ಎ ಕಲಮೂ ಅದೇ ವರ್ಷದ್ದು.

ಆ ಹುಡುಗಿಯ ಪ್ರಕರಣದಲ್ಲಿ ಮಾತ್ರ ತೀರ್ಪು ಬದಲಾಗಲಿಲ್ಲ. ಸಂತ್ರಸ್ತೆಯ ಗುರುತು ಪ್ರಕಟಿಸಬಾರದೆಂಬ ನಿಯಮವೂ 1983ರಲ್ಲೇ ಬಂತು. ಅಷ್ಟರಲ್ಲಿ ಅವಳ ಹೆಸರು ದೇಶಕ್ಕೆಲ್ಲ ಗೊತ್ತಾಗಿತ್ತು.