ನುಡಿ, ಅಳತೆ, ನೋಂದಣಿ

ಭಾರತದಲ್ಲಿ ಚಿಕಿತ್ಸಾ ಮನೋವಿಜ್ಞಾನಿಯಾಗಲು ಎಂ.ಎ. ಪದವಿಯೊಂದೇ ಸಾಲದೆಂಬ ತಿಳಿವಳಿಕೆಗೆ ಸಾಂಸ್ಥಿಕ ರೂಪ ದೊರೆತದ್ದು ಬೆಂಗಳೂರಿನಲ್ಲಿ. ನಿಮ್ಹಾನ್ಸ್‌ನ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1955ರಲ್ಲಿ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾ ಆರಂಭಿಸಿ, ಸ್ನಾತಕೋತ್ತರ ಪದವೀಧರರನ್ನು ರೋಗಿಗಳ ಎದುರು ಕೂರಿಸಿತು. ಅದೇ ಮುಂದೆ ಎರಡು ವರ್ಷಗಳ ಎಂ.ಫಿಲ್. ಆಗಿ ಬೆಳೆಯಿತು, 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯಿದೆಯು ವೃತ್ತಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿತು.

ಈ ಇತಿಹಾಸದ ಭಾಷಿಕ ಮುಖ ಇನ್ನೂ ಹಳೆಯದು. ಬಿನೆಯ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದ ವಿ.ವಿ. ಕಾಮತರು ತಮ್ಮ ಪರಿಷ್ಕರಣೆಯನ್ನು 1934ರಲ್ಲಿ ಪ್ರಕಟಿಸಿದರು. ಧಾರವಾಡವೂ ಸೊಲ್ಲಾಪುರವೂ ಆಗ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಆ ಸೀಮೆಯ ಮಕ್ಕಳನ್ನು ಅಳೆಯಹೊರಟವರು ಎರಡು ನುಡಿಗಳನ್ನೂ ಲೆಕ್ಕಕ್ಕೆ ಹಿಡಿಯಲೇಬೇಕಿತ್ತು. ಭಾಷಾವಾರು ಗಡಿ ಬಂದದ್ದು ಆಮೇಲೆ. ಬಿನೆ-ಕಾಮತ್ ಪರೀಕ್ಷೆ ಮಾತ್ರ ಚಿಕಿತ್ಸಾಲಯಗಳಲ್ಲಿ ಉಳಿದುಬಂದಿತು.

ನೋಂದಾಯಿತರಿಗೆ ದೇಶದ ಯಾವ ಭಾಗದಲ್ಲಾದರೂ ವೃತ್ತಿ ನಡೆಸುವ ಹಕ್ಕನ್ನು ಕಾಯಿದೆ ನೀಡುತ್ತದೆ. ಎದುರು ಕುಳಿತವರ ನುಡಿ ಬಲ್ಲವರಾಗಿರಬೇಕೆಂಬ ಷರತ್ತು ಅದರಲ್ಲಿಲ್ಲ. ಕೇಂದ್ರ ಕಾಯಿದೆಯಿಂದ ಅದನ್ನು ನಿರೀಕ್ಷಿಸುವುದೂ ಕಷ್ಟವೇ. ಹಾಗಾಗಿ ಆ ಹೊಣೆ ತರಬೇತಿಯ ಮೇಲೆ ಬೀಳುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡುವ ಅಕ್ಕಲಕೋಟೆಯ ಮಗುವೊಂದು ಪದದ ಅರ್ಥ ಕೇಳಿದಾಗ ಸುಮ್ಮನಾದರೆ, ಅದು ತಿಳಿಯದ ಮೌನವೋ ನುಡಿ ಬದಲಾದುದರ ತಡವರಿಕೆಯೋ ಎಂಬುದನ್ನು ಪರೀಕ್ಷಕರು ಅಲ್ಲಿಯೇ ನಿರ್ಧರಿಸಬೇಕು. ಆಮೇಲೆ ಕಡತದಲ್ಲಿ ಉಳಿಯುವುದು ಅಂಕ ಮಾತ್ರ. ಪ್ರಶ್ನೆ ಯಾವ ನುಡಿಯಲ್ಲಿತ್ತೆಂಬುದನ್ನು ಅಂಕ ಹೇಳುವುದಿಲ್ಲ.